ಅಡ್ಡಿ ಇದ್ದವರು ಹೇಳಲಿ

ಮೊದಲ ಏಟು ಹಿಂದಿನಿಂದ ಬಂದು ಕನಕರಾಜನ ಬಲ ಮೊಣಕೈಗೆ ಬಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಸುರೇಖಾಳಿಗೆ ಎಲುಬು ಮುರಿದ ಸದ್ದು ಕೇಳಿಸಿತು. ಎರಡನೆಯದು ತಲೆಗೆ. ಅವನು ಕಾಲುವೆ ದಂಡೆಯಿಂದ ಉರುಳಿ ಭತ್ತದ ಗದ್ದೆಯ ಕೆಸರಿನಲ್ಲಿ ಬೋರಲಾಗಿ ಬಿದ್ದ.

ಮುಖಕ್ಕೆ ಟವಲ್ ಸುತ್ತಿದ್ದ ಗಂಡಸು ಕೈಯಲ್ಲಿದ್ದ ಕಬ್ಬಿಣದ ರಾಡನ್ನು ಅವಳ ಕಡೆ ತಿರುಗಿಸಿದ. "ಮೂರನೇ ಸಲ ಓದಲಿ. ಹೆಣಾನ ಎತ್ತಬೇಕಾಗ್ತೈತಿ."

ಮುಖ ಕಾಣಲಿಲ್ಲ. ದನಿ ಮಾತ್ರ ಅವಳು ಮದುವೆಯಾಗಿ ಬಂದಾಗಿನಿಂದ ಕೇಳಿದ್ದು: ತೀರಿಹೋದ ಗಂಡನ ಅಣ್ಣ ಯಂಕೇಶನದು.

ಸಿದ್ದಾಪುರದ ಆ ಚಿಕ್ಕ ಚರ್ಚಿನಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಜೋಡಿಯ ಹೆಸರು ಓದುತ್ತಾರೆ. ಅಡ್ಡಿ ಇದ್ದವರು ಎದ್ದು ನಿಂತು ಹೇಳಬೇಕು. ಅಂಗನವಾಡಿ ಸಹಾಯಕಿ ಸುರೇಖಾ, ಭತ್ತ ಕೊಯ್ಯುವ ಮಷಿನ್ ಓಡಿಸುವ ಕನಕರಾಜ. ಇವರ ಹೆಸರನ್ನು ಅಂದು ಎರಡನೇ ಸಲ ಓದಲಾಗಿತ್ತು. ಅದೇ ಚರ್ಚಿನ ಯಂಕೇಶ ಎರಡು ಸಲವೂ ಎದ್ದಿರಲಿಲ್ಲ. ತಮ್ಮನ ವಿಧವೆ ಮನೆಯ ಚಾಕರಿಗೆ ಬೇಕು ಎಂಬುದನ್ನು ನಾಲ್ಕು ಜನರೆದುರು ಹೇಳಲಾಗುವುದಿಲ್ಲ.

ಗಂಗಾವತಿಯ ದವಾಖಾನೆಗೆ ಬಂದ ಪೊಲೀಸರಿಗೆ ಸುರೇಖಾ ಗುರುತು ಸಿಗಲಿಲ್ಲ ಎಂದಳು. ಕನಕರಾಜ ಹೊಡೆದವನನ್ನು ನೋಡಿರಲೇ ಇಲ್ಲ. ಇದ್ದ ಒಬ್ಬಳೇ ಸಾಕ್ಷಿ ಅವಳು.

ಮರುದಿನ ಅವಳು ಅನ್ನ ಕಲಸಿ ತುತ್ತು ಕೊಟ್ಟಳು. ಕನಕರಾಜ ನಿಧಾನವಾಗಿ ಅಗಿಯುತ್ತ ಅವಳ ಬೆರಳನ್ನೇ ನೋಡಿದ.

"ಬಲಗೈ ಮುರದಾನ, ಉಣಿಸೋ ಕೆಲಸ ನಿನಗ ಹಚ್ಯಾನ. ಯಾರರ ಆಗಲಿ, ಭಾಳ ಛಲೋ ಮಾಡ್ಯಾನ."

ಅವಳು ನಗಲಿಲ್ಲ. ಮದುವೆ ಬೇಡ, ನೀವು ಜೀವಂತ ಇದ್ದರೆ ಸಾಕು ಎಂದಳು.

"ನೀ ಬ್ಯಾಡ ಅಂದ್ರ ಬಿಡ್ತೀನಿ. ನಿನ್ನ ಅಂಜಿಕಿ ಬ್ಯಾಡ ಅಂದ್ರ ಬಿಡೂದಿಲ್ಲ."

"ದೇವರ ಮ್ಯಾಲೆ ಭಾರ ಹಾಕಿದ್ರ ಹೊಡತ ಬೀಳೂದಿಲ್ಲೇನ್ರಿ?"

"ಹಂಗಂತ ಯಾರು ಹೇಳ್ಯಾರ? ಕೆಸರಾಗ ಬಿದ್ದಾಗ ನಾ ಒಬ್ಬಾಂವ ಇರಲಿಲ್ಲ. ಅಷ್ಟ ನನಗ ಗೊತ್ತು."

ಮೂರನೇ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಯಂಕೇಶ ಅವಳ ಕಣ್ಣೆದುರೇ ಮಚ್ಚನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡ. ಅಡ್ಡಿಯನ್ನು ನೀನೇ ಹೇಳಬೇಕು ಎಂದ. ಒಲೆಯ ಮುಂದಿದ್ದ ಅತ್ತೆ ಸಣ್ಣವ್ವ ತಲೆ ಎತ್ತಲಿಲ್ಲ. ಮಗನ ಕೈ ಎಷ್ಟು ಭಾರ ಎಂಬುದು ಆಕೆಗೂ ಗೊತ್ತಿತ್ತು.

ಸುರೇಖಾ ಹೇಳಲು ಸಿದ್ಧಳಾಗಿಯೇ ಅತ್ತೆಯ ಜೊತೆ ಚರ್ಚಿಗೆ ಹೋದಳು. ತಲೆಗೆ ಪಟ್ಟಿ ಕಟ್ಟಿ, ಮುರಿದ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡಿದ್ದ ಕನಕರಾಜ ಗಂಡಸರ ಸಾಲಿನಲ್ಲಿ ಕುಳಿತು ಅವಳನ್ನು ಕಂಡು ಹುಬ್ಬು ಹಾರಿಸಿದ. ಪಾಸ್ಟರ್ ಹೊಳಿಯಪ್ಪ ಹೆಸರು ಓದಿ, ಅಡ್ಡಿ ಇದ್ದವರು ಹೇಳಲಿ ಎಂದರು.

ಅವಳು ಎದ್ದಳು. ಯಂಕೇಶನ ತುಟಿಯಲ್ಲಿ ನಗು ಮೂಡಿತು.

ಕರ್ತನೇ, ಇವನನ್ನು ಇಲ್ಲಿಂದ ಕಳಿಸು ಎಂದು ಮನಸ್ಸಿನಲ್ಲೇ ಬೇಡಿದಳು. ಯಂಕೇಶ ಅಲ್ಲೇ ಇದ್ದ. ಬಿಗಿದಿದ್ದ ನಾಲಿಗೆ ಮಾತ್ರ ಸಡಿಲಾಯಿತು. ಇಷ್ಟೇ ಕೊಡುವುದಾದರೆ ಇಷ್ಟರಲ್ಲೇ ಸಾಗುತ್ತೇನೆ ಅಂದುಕೊಂಡಳು.

"ಮದುವಿಗೆ ಅಡ್ಡಿ ಇಲ್ರಿ ಅಯ್ಯಾರ. ಇವರ ಕೈ ಮುರದಾಂವ ನಮ್ಮ ಭಾವ ಯಂಕೇಶ. ದನಿ ಮ್ಯಾಲೆ ನಾ ಗುರುತು ಹಿಡದೀನಿ. ಪೊಲೀಸರ ಮುಂದ ಸುಳ್ಳು ಹೇಳಿದ್ದೆ."

ಯಂಕೇಶ ಬೆಂಚು ಹಾರಿ ಬಂದು ಅವಳ ಜಡೆ ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ತುಟಿ ಸೀಳಿತು. ಮತ್ತೆ ಬಡಿದ. ಅವಳು ರಕ್ತ ಉಗುಳಿ ಅವನ ಹೆಸರನ್ನು ಇನ್ನೊಮ್ಮೆ ಹೇಳಿದಳು. ಕನಕರಾಜ ಭುಜದಿಂದ ಗುದ್ದಿದ, ಹಿಡಿತ ತಪ್ಪಿತು. ಮಚ್ಚು ಹೊರಬಂದು ಕನಕರಾಜನ ಕುತ್ತಿಗೆಯತ್ತ ಎದ್ದಾಗ ಅದರ ಅಲಗನ್ನು ಹಿಡಿದವಳು ಸಣ್ಣವ್ವ. ಅಂಗೈ ಕೊಯ್ದು ರಕ್ತ ಮೊಣಕೈವರೆಗೆ ಇಳಿದರೂ ಮುದುಕಿ ಬಿಡಲಿಲ್ಲ.

"ನನ್ನ ಕಡದ ಮ್ಯಾಲೆ ಅವನ್ನ ಕಡಿ," ಎಂದಳು.

ಅಲ್ಲಿಯವರೆಗೆ ಕುಳಿತೇ ಇದ್ದ ಚರ್ಚು ಆಗ ಎದ್ದಿತು. ಗಂಡಸರು ಅವನನ್ನು ನೆಲಕ್ಕೆ ಕೆಡವಿ ಟವಲಿನಿಂದ ಕೈ ಕಟ್ಟಿದರು. ಬೇರೆ ಯಾರದಾದರೂ ಅಡ್ಡಿ ಇದೆಯೇ ಎಂದು ಪಾಸ್ಟರ್ ಕೇಳಿದರು. ಇರಲಿಲ್ಲ.

ಸಂಜೆ ಠಾಣೆಯಲ್ಲಿ ಸುರೇಖಾ ಕಂಡದ್ದನ್ನು, ಕೇಳಿದ್ದನ್ನು ಇದ್ದ ಹಾಗೆ ಬರೆಸಿದಳು. ಗಾಯಗೊಂಡವರು ನಿಮಗೆ ಏನಾಗಬೇಕು ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರು.

ಅವಳು ಪಕ್ಕಕ್ಕೆ ನೋಡಿದಳು. ಕನಕರಾಜ ಗೋಡೆಗೆ ಒರಗಿ, ಉತ್ತರ ಕೇಳುವ ಆಸೆಯನ್ನು ಮುಚ್ಚಿಡಲಾರದೆ ಫ್ಯಾನ್ ನೋಡುವವನಂತೆ ನಟಿಸುತ್ತಿದ್ದ.

"ನಾ ಜೀವ ಇಟ್ಟುಕೊಂಡೋರು," ಎಂದಳು, ಹೊಲಿಗೆ ಹಾಕಿದ ತುಟಿ ನೋಯುತ್ತಿದ್ದರೂ. "ಮುಂದಿನ ವಾರ ಗಂಡ ಆಗ್ತಾರ."

"ಎರಡರಾಗ ಯಾವುದು ಬರೀಲಿ, ತಂಗಿ?"

"ಎರಡೂ ಬರೀರಿ ಸರ," ಎಂದ ಕನಕರಾಜ. "ಮೊದಲನೇದು ನನಗೂ ಈಗ ಗೊತ್ತಾತು."