ಹತ್ತನೇ ತೂತು, ಹನ್ನೊಂದನೇ ತೂತು

"ನಿನ್ನ ಕೆಲಸಕ್ಕೆ ನನ್ನನ್ನೂ ಕರ್ಕೊಂಡು ಹೋಗಮ್ಮ. ಏನೂ ಮುಟ್ಟಲ್ಲ, ಪ್ರಾಮಿಸ್!"

ಗುಬ್ಬಿ ಈ ಮಾತು ಕೊಟ್ಟಾಗ ಒಂದನೇ ಕ್ಲಾಸು. ಈಗ ಐದನೇ ಕ್ಲಾಸು. ಇವತ್ತು ಶಾಲೆಗೆ ರಜ, ಮನೆಯಲ್ಲಿ ಯಾರೂ ಇಲ್ಲ. ಅಂತೂ ಅಮ್ಮ ಅವಳನ್ನು ಕರೆತಂದಿದ್ದಳು. ಲೈಬ್ರರಿಯ ಕಂಪ್ಯೂಟರ್‌ಗಳಿಗೆ ಕೇಬಲ್ ಜೋಡಿಸುವ ಕೆಲಸ ಅಮ್ಮನದು.

ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ಚಪ್ಪಟೆ ಪೆಟ್ಟಿಗೆ.

"ಇದೇ ಸ್ವಿಚ್ಚು," ಅಮ್ಮ ತೋರಿಸಿದಳು.

"ಇದೆಂಥ ಸ್ವಿಚ್ಚು? ಒತ್ತೋಕೇ ಏನಿಲ್ಲ!"

"ದೀಪದ್ದಲ್ಲ ಕಣೇ. ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋದು ಇದರ ಮೂಲಕ." ಅಮ್ಮ ಏಣಿ ತರಲು ಹೋದಳು.

ಪೆಟ್ಟಿಗೆಯ ತುಂಬ ಸಾಲುಸಾಲು ತೂತುಗಳು. ಹತ್ತನೆಯದರಲ್ಲಿ ನೀಲಿ ಕೇಬಲ್. ಹನ್ನೊಂದನೆಯದು ಖಾಲಿ. ಎರಡೂ ಥೇಟ್ ಅವಳಿಜವಳಿ. ಅದಲುಬದಲು ಮಾಡಿದರೆ ಪೆಟ್ಟಿಗೆಗೆ ಗೊತ್ತಾಗುತ್ತದಾ?

ಟಕ್! ನೀಲಿ ಕೇಬಲ್ ಹನ್ನೊಂದಕ್ಕೆ ಬಂತು. ಹಸಿರು ಲೈಟು ಉರಿಯಿತು.

"ಪೆದ್ದು ಪೆಟ್ಟಿಗೆ!" ಗುಬ್ಬಿ ನಕ್ಕಳು.

ಅಷ್ಟರಲ್ಲಿ ಹೊರಗೆ ಲೈಬ್ರರಿ ಮೇಡಂ ದನಿ. "ಏನ್ರೀ ಇದು, ಒಂದು ಹಾಳೆನೂ ಪ್ರಿಂಟ್ ಆಗ್ತಿಲ್ಲ! ನೀವು ಕೈ ಹಾಕೋ ತನಕ ಚೆನ್ನಾಗಿತ್ತು."

ಅಮ್ಮ ಬಾಗಿಲಿಂದಲೇ ಇಣುಕಿದಳು. "ಲೈಟು ಉರೀತಿದೆಯಲ್ಲ..." ಹೊರಗೆ ಹೋಗಿ ಮೇಡಂ ಮೇಜಿನಡಿ ತೂರಿದಳು. ಮಂಡಿಯೆಲ್ಲ ಧೂಳು. ಪ್ರಿಂಟರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ನಿಮ್ಮ ಆಫೀಸಿಗೆ ಫೋನ್ ಮಾಡ್ತೀನಿ. ಕೆಲಸ ಗೊತ್ತಿರೋರನ್ನ ಕಳಿಸಲಿ," ಎಂದರು ಮೇಡಂ.

ಅಮ್ಮನ ಮುಖ ಸಪ್ಪಗಾಯಿತು. ಗುಬ್ಬಿ ಓಡಿಬಂದು ಮೇಡಂ ಎದುರು ನಿಂತಳು.

"ಮೇಡಂ, ಫೋನ್ ಮಾಡ್ಬೇಡಿ. ನೀಲಿ ಕೇಬಲ್ಲು... ನಾನೇ ಪಕ್ಕದ ತೂತಿಗೆ ಹಾಕಿದ್ದು."

ಮೇಡಂ ಕೈ ಫೋನಿನ ಮೇಲೆಯೇ ನಿಂತಿತು. ಅಮ್ಮ ಕೇಬಲನ್ನು ಹತ್ತಕ್ಕೆ ಹಾಕಿದಳು. ಸ್ವಲ್ಪ ಹೊತ್ತಿಗೆ ಪ್ರಿಂಟರು ಗರಗರ ಎಂದಿತು.

ಅಮ್ಮ ಬೈಯಲಿಲ್ಲ. ಗುಬ್ಬಿಗೆ ಅದೇ ಕಷ್ಟವಾಯಿತು.

"ಅಮ್ಮ, ಲೈಟು ಉರೀತಿತ್ತಲ್ಲ?"

"ಕೇಬಲ್ ಸರಿಯಾಗಿ ಕೂತಿದೆ ಅಂತಷ್ಟೇ ಅದರರ್ಥ. ಹತ್ತರ ತನಕ ಲೈಬ್ರರಿ ಆಫೀಸಿನ ಗುಂಪು, ಪ್ರಿಂಟರಿನ ನೀಲಿ ಕೇಬಲ್ಲೂ ಅದರದ್ದೇ. ಹನ್ನೊಂದರಿಂದ ಓದೋಕೆ ಬರೋರ ಗುಂಪು. ಒಂದರ ಮಾತು ಇನ್ನೊಂದಕ್ಕೆ ಕೇಳಲ್ಲ. ಇಂಥ ಗುಂಪಿಗೆ ವಿ-ಲ್ಯಾನ್ ಅಂತಾರೆ."

"ಮಧ್ಯ ಗೋಡೆನೇ ಇಲ್ವಲ್ಲ?"

"ಲ್ಯಾಪ್‌ಟಾಪಲ್ಲಿ ನಾನು ಹೇಳಿಕೊಟ್ಟಿದ್ದೀನಿ. ಪೆಟ್ಟಿಗೆ ನೆನಪಿಟ್ಕೊಂಡಿದೆ."

"ಒಂದೇ ಗುಂಪು ಮಾಡಿದ್ರೆ?"

"ನಿನ್ನಂಥ ತರಲೆ ಯಾರಾದ್ರೂ ಕೂತಲ್ಲಿಂದಲೇ ಮೇಡಂ ಪ್ರಿಂಟರಿಗೆ ಕಪಿ ಚಿತ್ರ ಕಳಿಸ್ತಾರೆ!"

ಮೇಡಂಗೂ ನಗು ಬಂತು. ಗುಬ್ಬಿ ಮಾತ್ರ ನಗಲಿಲ್ಲ. ಅಮ್ಮನ ಮಂಡಿಯ ಧೂಳನ್ನು ಮೆಲ್ಲಗೆ ಕೊಡವಿದಳು. ಆಮೇಲೆ ಎರಡೂ ಕೈ ಜೇಬಿಗೆ ಹಾಕಿಕೊಂಡು ಪೆಟ್ಟಿಗೆಯ ಹತ್ತಿರ ಬಗ್ಗಿದಳು. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಬೆರಳಿನಷ್ಟೂ ಜಾಗವಿರಲಿಲ್ಲ.

ಏನೂ ಮುಟ್ಟಲ್ಲ ಎಂದು ಕೊಟ್ಟ ಮಾತನ್ನು ಅವಳು ಮುರಿದಿದ್ದಳು.