ಜಾಹೀರಾತಿನ ಕೊನೆಯ ಮಾತು

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಬಾಗಿಲು ತಳ್ಳಿಕೊಂಡು ಬಂದ ಜಾಹೀರಾತು ಕಂಪನಿಯ ಮಾಲೀಕ ಕುರ್ಚಿಯಲ್ಲಿ ನೆಟ್ಟಗೆ ಕೂರಲೇ ಇಲ್ಲ.

"ಮೇಡಂ, ನಮ್ಮ ಜಾಹೀರಾತನ್ನ ಯಾರೋ ಬದಲಾಯಿಸಿ ಚಾನೆಲ್‌ಗೆ ಕಳಿಸಿದಾರೆ. ನಿನ್ನೆ ಸಂಜೆ ವಾರ್ತೆ ಮಧ್ಯೆ ಊರೆಲ್ಲಾ ನೋಡ್ತು. ಮಾನ ಮೂರು ಕಾಸಿಗೆ ಹೋಯ್ತು."

ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಪ್ರಸಾರವಾದ ಪ್ರತಿಯನ್ನು ಹಾಕಿಸಿದರು. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಒಂದು ಪುಡಿ. ಬಿಳಿ ಕೋಟಿನವನೊಬ್ಬ ನಗುತ್ತಾನೆ, ಅಜ್ಜನೊಬ್ಬ ಹುಲ್ಲಿನ ಮೇಲೆ ಓಡುತ್ತಾನೆ, "ಸಕ್ಕರೆಯ ಚಿಂತೆ ಬಿಡಿ" ಎನ್ನುತ್ತದೆ ಹೆಣ್ಣು ದನಿ.

"ಪೂರ್ತಿ ನಮ್ಮ ಸ್ವಂತ ಕಲ್ಪನೆ," ಎಂದ ಮಾಲೀಕ.

ದಫೇದಾರರು ಕೆಮ್ಮಿದರು. "ಹೋದ ವರ್ಷ ಮೊಣಕಾಲಿನ ಎಣ್ಣೆಗೂ ಒಬ್ಬಜ್ಜ ಹೀಗೇ ಓಡಿದ್ರಲ್ಲ ಸ್ವಾಮಿ? ಹುಲ್ಲೂ ಅದೇ."

ಎಂದಿನ ಪ್ರತಿಯಲ್ಲಿ ಇಷ್ಟಾದ ಮೇಲೆ ಸಂಗೀತ ಏರಿ, ಅದರಡಿ ಏನೋ ಗುಳುಗುಳು ಎಂದು ಮುಗಿಯುತ್ತಿತ್ತು. ಇದರಲ್ಲಿ ಸಂಗೀತವೇ ನಿಂತಿತು. ಅದೇ ಹೆಣ್ಣು ದನಿ ಬಿಡಿಸಿ ಬಿಡಿಸಿ ಹೇಳಿತು: "ಇದು ಔಷಧಿಯಲ್ಲ. ಇದರಿಂದ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ."

"ಈ ಮಾತು ನಿಮ್ಮದಲ್ವಾ?"

"ನಮ್ಮದೇ. ಕಾನೂನಿಗೆ ಅಂತ ಹಾಕಿರ್ತೀವಿ. ಜನ ಕೇಳಿಸ್ಕೊಳ್ಳಲಿ ಅಂತಲ್ಲ."

ಇನ್ಸ್‌ಪೆಕ್ಟರಮ್ಮನಿಗೆ ಮನೆಯ ಅಡುಗೆಮನೆಯಲ್ಲಿ ಕಂಡ ಇದೇ ಪುಡಿಯ ಡಬ್ಬಿ ನೆನಪಾಯಿತು. ಜಗುಲಿಗೆ ಬಂದು ಮನೆಗೆ ಫೋನ್ ಮಾಡಿದರು.

"ಅಮ್ಮಾ, ಮಾತ್ರೆ ತಗೊಂಡ್ಯಾ?"

"ಪುಡಿ ಕುಡೀತಿದೀನಲ್ಲೇ. ಮಾತ್ರೆ ಬಿಟ್ಟು ತಿಂಗಳಾಯ್ತು. ಡಾಕ್ಟ್ರೇ ಹೇಳ್ತಾರೆ ಟೀವೀಲಿ."

"ಅವನು ಡಾಕ್ಟ್ರಲ್ಲಮ್ಮ, ಆ ಕೋಟೂ ಬಾಡಿಗೇದು! ತಂಗಿನ ಕಳಿಸ್ತೀನಿ, ಈಗಲೇ ಆಸ್ಪತ್ರೆಗೆ ಹೊರಡು."

"ಅಬ್ಬಬ್ಬಾ, ಮನೇಲೂ ಪೊಲೀಸ್ ದರ್ಬಾರು!"

ಮಧ್ಯಾಹ್ನ ಸ್ಟುಡಿಯೋದಲ್ಲಿ ಆ ದನಿಯ ಒಡತಿಯ ವಿಚಾರಣೆ ನಡೆಯಿತು.

"ಹೊಸದಾಗಿ ಓದಿಕೊಟ್ರಾ?"

"ಇಲ್ಲ ಮೇಡಂ, ಅವತ್ತು ಓದಿದ್ದೇ. ಕೇಳಿ, ಮಾತಿನ ಮಧ್ಯೆ ನನ್ನ ಉಸಿರಿದೆ."

"ಇದ್ರೆ?"

"ಜಾಹೀರಾತಲ್ಲಿ ಯಾರೂ ಉಸಿರಾಡೋ ಹಾಗಿಲ್ಲ. ನಾನು ನಿಧಾನವಾಗಿ ಓದಿ ಮನೆಗೆ ಹೋಗ್ತೀನಿ. ಆಮೇಲೆ ಉಸಿರೆಲ್ಲಾ ಕಿತ್ತು, ಮಾತನ್ನ ಒತ್ತಿ, ಮೂರು ಸೆಕೆಂಡಿಗೆ ತುರುಕ್ತಾರೆ. ಉಸಿರಿರೋ ಮೂಲ ಪ್ರತಿ ಇಲ್ಲಿನ ಎಡಿಟರ್ ಹತ್ರ ಬಿಟ್ರೆ ಎಲ್ಲೂ ಇರಲ್ಲ."

ಎಡಿಟರ್‌ನದು ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲಾ ಸ್ಪಂಜು. ಮೇಜಿನ ಮೇಲೆ ಎರಡು ಪರದೆ: ಒಂದರಲ್ಲಿ ಪರದೇಶದ ಜಾಹೀರಾತು, ಇನ್ನೊಂದರಲ್ಲಿ ಅದನ್ನೇ ಅಚ್ಚೊತ್ತಿದಂತೆ ನಕಲು ಮಾಡಿದ್ದು. ಅಲ್ಲಿಯೂ ಒಬ್ಬ ಅಜ್ಜ ಓಡುತ್ತಿದ್ದ.

"ಸ್ವಂತ ಕಲ್ಪನೆ," ಎಂದು ದಫೇದಾರರು ಗೊಣಗಿದರು.

"ಕಳಿಸಿದ್ದು ನೀವೇನಾ?"

"ನಾನೇ."

"ಯಾಕೆ?"

ಅವನು ಪರದೆಯತ್ತ ತಿರುಗಿ ಓಡುತ್ತಿದ್ದ ಅಜ್ಜನನ್ನು ನಿಲ್ಲಿಸಿದ. ಬೆರಳುಗಳು ಮಾತ್ರ ಮೇಜಿನ ಮೇಲೆ ಒಂದೇ ಸಮನೆ ಬಡಿಯುತ್ತಿದ್ದವು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಸಿ ಕಂಪ್ಯೂಟರ್ ಜಪ್ತಿ ಮಾಡುವಾಗ ತಂಗಿಯ ಫೋನು ಬಂತು. "ಅಕ್ಕಾ, ಅಮ್ಮನ ಸಕ್ಕರೆ ಸಿಕ್ಕಾಪಟ್ಟೆ ಏರಿದೆ. ಅಡ್ಮಿಟ್ ಮಾಡ್ಕೊಂಡಿದಾರೆ. ಇನ್ನು ಎರಡು ದಿನ ತಡವಾಗಿದ್ರೆ ಕಷ್ಟ ಇತ್ತಂತೆ."

ಇನ್ಸ್‌ಪೆಕ್ಟರಮ್ಮ ಎಡಿಟರ್‌ನ ಮುಖ ನೋಡಲಾಗದೆ ಪಂಚನಾಮೆಗೆ ಸಹಿ ಹಾಕಿದರು.

ಸಂಜೆ ನಾಲ್ಕಕ್ಕೆ ಬಂಧನ. ಹೊರಗೆ ಮಾಲೀಕ ಫೋನಿನಲ್ಲಿ ಕೂಗುತ್ತಿದ್ದ: "ಹಳೇದೇ ಹಾಕಿ! ಇವತ್ತಿಂದಲೇ!"

"ಬಂಧನದ ವಿಷಯ ಯಾರಿಗೆ ತಿಳಿಸಬೇಕು?" ಇನ್ಸ್‌ಪೆಕ್ಟರಮ್ಮ ನಿಯಮದಂತೆ ಕೇಳಿದರು.

"ಅಕ್ಕನಿಗೆ. ಆದ್ರೆ ಠಾಣೆಗೆ ಬಾ ಅನ್ಬೇಡಿ. ಹೋದ ತಿಂಗಳು ಅವಳ ಪಾದ ತೆಗೆದ್ರು."

ಬೆರಳುಗಳು ಆಗ ನಿಂತವು.

"ಮಾತ್ರೆ ಬಿಟ್ಟು ಈ ಪುಡಿ ಕುಡೀತಿದ್ಲು ಮೇಡಂ. ಯಾಕೆ ಬಿಟ್ಟೆ ಅಂದ್ರೆ, 'ನೀನೇ ಮಾಡಿದ ಜಾಹೀರಾತಲ್ವೇನೋ, ನನ್ ತಮ್ಮ ಸುಳ್ಳು ಹೇಳ್ತಾನಾ ಅಂದ್ಕೊಂಡೆ' ಅಂದ್ಲು. ಆ ಕೊನೇ ಮಾತನ್ನ ಒತ್ತಿ ತುರುಕಿದ್ದು ಈ ಕೈಯೇ."

ಇನ್ಸ್‌ಪೆಕ್ಟರಮ್ಮ ಅಕ್ಕನಿಗೆ ಫೋನ್ ಮಾಡಿದರು.

"ಏನ್ ಮಾಡ್ದ ಅವನು?"

"ಜಾಹೀರಾತಿನ ಕೊನೇ ಮಾತು ಎಲ್ಲರಿಗೂ ಕೇಳಿಸೋ ಹಾಗೆ ಮಾಡ್ದ."

"ಅದಕ್ಕೆ ಹಿಡ್ಕೊಂಡ್ರಾ?"

"ಹೌದಮ್ಮ."

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶದ ಬಗ್ಗೆ ಹೀಗೆ ಬರೆದರು: "ಆರೋಪಿಗೆ ಇದರಿಂದ ಯಾವ ಲಾಭವೂ ಇಲ್ಲ. ತನ್ನ ಅಕ್ಕನಿಗೆ ಕೇಳಿಸದೆ ಹೋದ ಮಾತು ಬೇರೆಯವರ ಅಕ್ಕಂದಿರಿಗೆ ಕೇಳಿಸಲಿ ಎಂಬುದೇ ಕಾರಣ."