ನನ್ನ ದನಿಯೇ, ಮುನಿಸು ಬಿಡೇ

"ರೀ... ನಿಲ್ಲಿಸ್ಬೇಡಿ, ಹಾಡಿ!"

ಕೂಗಿದವನು ರುದ್ರಮುನಿ. ಮಧುಗಿರಿಯಲ್ಲಿ ಮೊಬೈಲ್ ಅಂಗಡಿ ಮೇಲಿನ ಮಹಡಿಯಲ್ಲಿ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟವನು. ಮೆಟ್ಟಿಲ ಮೇಲೆ ಕೂತು ಗುನುಗುತ್ತಿದ್ದ ಮಿಡಿಗೇಶಿಯ ವನಜಾಕ್ಷಿ ಬೆಚ್ಚಿಬಿದ್ದಳು.

"ನಾನು ಹಾಡಾಕೆ ಬಂದಿಲ್ಲ ಕಣ್ರೀ. ಪದ ನಂದು, ರಾಗ ನಂದು. ಹಾಡೋಳು ನನ್ನ ಗೆಳತಿ, ಆಮೇಲೆ ಬತ್ತಾಳೆ."

"ನೀವೇ ಯಾಕೆ ಹಾಡ್ಬಾರ್ದು?"

"ನಂದು ಗಂಡು ದನಿ!"

ಮದುವೆ ಮನೆಯಲ್ಲಿ ಸೋಬಾನೆ ಶುರುವಾದರೆ ಅತ್ತೆಯಂದಿರು ಅವಳ ಕೈಗೆ ಆರತಿ ತಟ್ಟೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು. ಅವಳು ನಗುತ್ತಲೇ ತಟ್ಟೆ ಹಿಡಿಯುತ್ತಿದ್ದಳು. ಮನೆಗೆ ಬಂದು ಅಳುತ್ತಿದ್ದಳು, ಹಾಡು ಕಟ್ಟುತ್ತಿದ್ದಳು.

ಅವಳ ಕೈಲಿದ್ದ ಹಾಳೆಯನ್ನು ರುದ್ರಮುನಿ ಓದಿದ. 'ನನ್ನ ದನಿಯೇ, ಮುನಿಸು ಬಿಡೇ... ನಿನ್ನ ಬಚ್ಚಿಟ್ಟವಳು ನಾನೇ...'

"ನಿಮ್ಮ ದನಿಗೇ ಬರೆದಿದೀರ. ಬೇರೆಯವರು ಹೆಂಗ್ರೀ ಹಾಡ್ತಾರೆ?"

ಇಷ್ಟು ವರ್ಷ ಅವಳನ್ನು ಯಾರೂ ಕೇಳದ ಪ್ರಶ್ನೆ. ಕೇಳಿದವನ ಕಣ್ಣು ಬೇರೆ ಅಷ್ಟು ಚೆನ್ನಾಗಿತ್ತು!

ಮುಂದಿನ ವಾರ ತಾನೇ ಹಾಡಲು ಹೊಸ ಸೀರೆ ಉಟ್ಟು ಬಂದಳು. ಹೆಡ್‌ಫೋನಿನಲ್ಲಿ ವಾದ್ಯ ಶುರುವಾಯಿತು. ಪಲ್ಲವಿ ಹೇಗೋ ದಾಟಿದಳು. ಚರಣದಲ್ಲಿ ದನಿ ಒಡೆದು ಚೂರಾಯಿತು. ಗಾಜಿನಾಚೆ ರುದ್ರಮುನಿ ಹಣೆ ಚಚ್ಚಿಕೊಂಡ.

'ಇವನಿಗೂ ನನ್ನ ದನಿ ಅಂದ್ರೆ ನಾಚಿಕೆ...' ವನಜಾಕ್ಷಿ ಓಡಿಹೋಗಿ ಸಿಕ್ಕ ಬಸ್ ಹತ್ತಿದಳು. ನಾಲ್ಕು ದಿನ ಅವನ ಫೋನ್ ಎತ್ತಲಿಲ್ಲ. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ!

ಐದನೇ ದಿನ ವಾಯ್ಸ್ ಮೆಸೇಜ್ ಬಂತು.

"ನನ್ನ ತಪ್ಪಿಗೆ ನಾನೇ ಹಣೆ ಚಚ್ಕೊಂಡಿದ್ದು ಕಣ್ರೀ! ಹೆಣ್ಮಕ್ಳು ಅಂದ್ರೆ ಹಾರ್ಮೋನಿಯಂ ಬಿಳಿ ಐದು ಅಂತ ಶ್ರುತಿ ಇಟ್ಬುಟ್ಟೆ. ನಿಮಗದು ಎತ್ತರ. ಈಗ ಆ ವಾದ್ಯಾನ ಕಪ್ಪು ಒಂದಕ್ಕೆ ಇಳಿಸಿ ಕಳಿಸಿದೀನಿ. ನನ್ನ ಕ್ಷಮಿಸದಿದ್ರೂ ಪರವಾಗಿಲ್ಲ... ಒಂದ್ಸಲ ಹಾಡಿ."

ಮಾಳಿಗೆ ಹತ್ತಿ ಹಾಡಿದಳು. ಗಂಟಲು ಎಲ್ಲೂ ತಡೆಯಲಿಲ್ಲ! ತುಂಬಿದ, ದಪ್ಪನೆಯ, ತನ್ನದೇ ದನಿ... ಅಯ್ಯೋ, ಇದು ಇಷ್ಟು ಚೆಂದವಿತ್ತಾ! ಅಳು ಬಂತು, ನಗು ಬಂತು, ಮತ್ತೆ ಮೊದಲಿಂದ ಹಾಡಿದಳು.

ಬೆಳಿಗ್ಗೆ ಮೊದಲ ಬಸ್ಸಿಗೇ ಮಧುಗಿರಿ. ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿ ಕೊನೆಯ ಸಾಲಿನವರೆಗೂ ಹಾಡಿದಳು. ಕಣ್ಣು ಬಿಟ್ಟರೆ ರುದ್ರಮುನಿ ಅವಳನ್ನೇ ನೋಡುತ್ತಾ ನಿಂತಿದ್ದ.

"ಹೆಂಗಿತ್ತು?"

"ಇನ್ನೊಂದ್ಸಲ ಹಾಡ್ಬೇಕು..."

"ತಪ್ಪಾಯ್ತಾ?"

"ಇಲ್ಲ... ನಿಮ್ಮನ್ನ ನೋಡ್ತಾ ರೆಕಾರ್ಡ್ ಒತ್ತೋದೇ ಮರೆತ್ಬುಟ್ಟೆ. ವನಜಾ, ನೀವಂದ್ರೆ ನಂಗೆ ಪ್ರಾಣ ಕಣ್ರೀ!"

ಅವಳ ಕೆನ್ನೆ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ನಂಗೂ ಪ್ರೀತಿ ಆಗೈತೆ. ಮೊದಲು ನನ್ನ ದನಿ ಮೇಲೆ. ಆಮೇಲೆ ನಿಮ್ಮ ಮೇಲೆ."

"ನಂಗೆ ಎರಡನೇ ಜಾಗಾನಾ?"

"ಹೂಂ. ಸಾಲದಾ?"

ರುದ್ರಮುನಿ ಅವಳ ಕೈ ಹಿಡಿದುಕೊಂಡ.

"ಸಾಕು ಕಣ್ರೀ... ಬೇಕಾದಷ್ಟಾಯ್ತು!"